ಕಾರು ಸತ್ತಿತೋ ಬದುಕಿತೋ ಹೇಳಿದ್ದು ಗುಜರಿಯವನು

ಸಂಪಾದಕರಿಗೆ ನಮಸ್ಕಾರ.

ಗುದ್ದಿದ ಗಾಡಿಗಳ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೆ. ಗುದ್ದಿದ ಬಸ್ಸು ಗೇಟಿನೊಳಗೆ ಬಂದರೆ ನಮ್ಮ ಫೋರ್‌ಮನ್ ಮೊದಲು ನೆಲಕ್ಕೆ ಕೂತು ಚಾಸಿ, ಅಂದರೆ ಗಾಡಿಯ ಅಡಿಯ ಚೌಕಟ್ಟು, ನೋಡುತ್ತಿದ್ದರು. ಚಾಸಿ ನೆಟ್ಟಗಿದ್ದರೆ "ಮಿಕ್ಕಿದ್ದೆಲ್ಲ ತಗಡು ಬಿಡ್ರೋ" ಅನ್ನುತ್ತಿದ್ದರು. ವಿಮೆ ಕಂಪನಿಯವರೂ ಹೀಗೇ ನೋಡುತ್ತಾರೆ ಅಂತ ನನ್ನ ತಲೆಯಲ್ಲಿತ್ತು. ಅವರು ನೋಡುವುದೇ ಬೇರೆ ಎಂದು ತಿಳಿಯಲು ನನ್ನ ಕಾರೇ ಗುದ್ದಬೇಕಾಯಿತು.

2023ರ ನವೆಂಬರ್. ಕೆ.ಎಂ. ದೊಡ್ಡಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ರಾತ್ರಿ ಮದ್ದೂರಿನ ಕಡೆ ಬರುತ್ತಿದ್ದೆವು. ಮಗ ಓಡಿಸುತ್ತಿದ್ದ. ಪಕ್ಕದಲ್ಲಿ ನಾನು, ಹಿಂದೆ ನನ್ನ ಹೆಂಡತಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿ ರಸ್ತೆ ಮಧ್ಯದಲ್ಲೇ ನಿಂತಿತ್ತು. ಹಿಂದೆ ಕೆಂಪು ದೀಪ ಇಲ್ಲ, ಒಂದು ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ. ಮಂಡ್ಯದ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ ಬ್ರೇಕ್ ಒತ್ತಿದ, ಆದರೂ ಗುದ್ದಿತು. ಕಬ್ಬಿನ ಜಲ್ಲೆಗಳು ಗಾಜು ಒಡೆದು ಡ್ಯಾಶ್‌ಬೋರ್ಡಿನವರೆಗೆ ಬಂದವು. ಏರ್‌ಬ್ಯಾಗ್ ಎರಡೂ ಬಿಚ್ಚಿಕೊಂಡವು. ಹೆಂಡತಿಯ ಮಣಿಕಟ್ಟು ಉಳುಕಿತು, ನಮ್ಮಿಬ್ಬರಿಗೆ ಎದೆ ನೋವು. ಅಷ್ಟರಲ್ಲೇ ಮುಗಿಯಿತು, ದೇವರು ದೊಡ್ಡವನು. ಟ್ರಾಲಿಯವನು ಕತ್ತಲಲ್ಲಿ ಹೊರಟೇ ಹೋದ.

ಕಾರು 2018ರ ಆಗಸ್ಟ್‌ನಲ್ಲಿ ಕೊಂಡದ್ದು. ಸಣ್ಣ ಪೆಟ್ರೋಲ್ ಕಾರು. ಟೋಯಿಂಗ್‌ನವನು ಮೈಸೂರಿಗೆ ತರಲು 4,500 ಕೇಳಿದ, ಕೊಟ್ಟೆವು. ಪಾಲಿಸಿಯಲ್ಲಿ ಅದಕ್ಕೆ ಇದ್ದದ್ದು 1,500 ಮಾತ್ರ.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಓದುಗರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಇಡೀ ಕತೆ ಇರುವುದೇ ಲೆಕ್ಕದಲ್ಲಿ.

ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಅಂಕಿ ಇರುತ್ತದೆ. ಗಾಡಿ ಪೂರ್ತಿ ಹೋದರೆ ಕಂಪನಿ ಕೊಡುವ ಬೆಲೆ ಅದು. ಮೊದಲ ಐದು ವರ್ಷ ಅದಕ್ಕೆ ಒಂದು ಪಟ್ಟಿ ಇದೆ. ಹೊಸ ಗಾಡಿಯ ಬೆಲೆಯಿಂದ ಆರು ತಿಂಗಳವರೆಗೆ ಶೇ 5, ಒಂದು ವರ್ಷದವರೆಗೆ ಶೇ 15, ಆಮೇಲೆ ವರ್ಷ ಕಳೆದ ಹಾಗೆ 20, 30, 40, 50 ಕಳೆಯುತ್ತಾ ಹೋಗುತ್ತಾರೆ. ಐದು ವರ್ಷ ದಾಟಿದ ಮೇಲೆ ಪಟ್ಟಿ ಇಲ್ಲ. ಕಂಪನಿ ಮತ್ತು ನಾವು ಒಪ್ಪಿಕೊಂಡದ್ದೇ ಬೆಲೆ. ಒಪ್ಪಿಗೆ ಅಂದರೆ ಏನು ಗೊತ್ತಾ? ಗುದ್ದುವ ಮುಂಚೆ, 2023ರ ಆಗಸ್ಟ್‌ನಲ್ಲಿ, ನನ್ನ ಮಗ ಊಟ ಮಾಡುತ್ತಾ ಮೊಬೈಲಿನಲ್ಲಿ ಪಾಲಿಸಿ ರಿನ್ಯೂ ಮಾಡಿದ. ಪರದೆಯ ಮೇಲೆ 2,60,000ದಿಂದ 3,60,000ದವರೆಗೆ ಒಂದು ಗೆರೆ, ಅದರ ಮೇಲೆ ಜಾರುವ ಒಂದು ಗುಂಡಿ. ಅವನು ಅದನ್ನು ಎಡ ತುದಿಗೆ, 2,60,000ಕ್ಕೆ, ಎಳೆದು ಬಿಟ್ಟ. ಪ್ರೀಮಿಯಂ ಸುಮಾರು 800 ರೂಪಾಯಿ ಉಳಿಯಿತು. "ನೋಡಪ್ಪ, ಉಳಿಸಿದೆ" ಅಂದ. ನಾನೂ ಸೈ ಅಂದೆ.

ವರ್ಕ್‌ಶಾಪಿನವರು ಮೊದಲು ಹೊರಗಿನಿಂದ ನೋಡಿ 1,72,000ದ ಎಸ್ಟಿಮೇಟ್ ಕೊಟ್ಟರು. ಮೂರನೇ ದಿನ ನಷ್ಟ ಅಳೆಯಲು ವಿಮೆ ಕಂಪನಿಯ ಕಡೆಯಿಂದ ಸರ್ವೇಯರ್ ಬಂದರು. ಇನ್ನೂ ಹುಡುಗ, ಒಳ್ಳೆ ಮಾತುಗಾರ, ಮೊಬೈಲಿನಲ್ಲಿ ನಲವತ್ತು ಫೋಟೋ ತೆಗೆದರು. ಬಿಚ್ಚಿಸಿ ನೋಡಿದ ಮೇಲೆ ಎಸ್ಟಿಮೇಟ್ ಬೆಳೆಯಿತು. ರೇಡಿಯೇಟರ್, ಎ.ಸಿ. ಕಂಡೆನ್ಸರ್, ಏರ್‌ಬ್ಯಾಗಿನ ಕಂಟ್ರೋಲ್ ಯುನಿಟ್, ಸೀಟ್ ಬೆಲ್ಟ್, ಡ್ಯಾಶ್‌ಬೋರ್ಡ್, ಮುಂದಿನ ಏಪ್ರನ್ (ಮುಂದಿನ ಚಕ್ರದ ಮೇಲೆ ಒಳಗಡೆ ಇರುವ ತಗಡು). ಕೊನೆಗೆ ನಿಂತದ್ದು 2,38,000ದಲ್ಲಿ. ಇದರಲ್ಲಿ ಮೋಸ ಇತ್ತು ಅಂತ ನಾನು ಹೇಳಲಾರೆ. ಏರ್‌ಬ್ಯಾಗ್ ಬಿಚ್ಚಿದ ಕಾರು ಹೊರಗೆ ಕಾಣುವುದಕ್ಕಿಂತ ಒಳಗೆ ಜಾಸ್ತಿ ಹೋಗಿರುತ್ತದೆ.

ನಾನೂ ನೆಲಕ್ಕೆ ಕೂತು ನೋಡಿದೆ, ಹಳೇ ಚಾಳಿ. ಎಡಗಡೆಯ ಏಪ್ರನ್ ಒಳಕ್ಕೆ ಮಡಿಚಿತ್ತು. ಅದನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕು. ಮಾಡಬಹುದು, ಮಾಡುತ್ತಾರೆ. ಆದರೆ ಮುಂದಿನ ಸಲ ಗುದ್ದಿದಾಗ ಆ ಜಾಗ ಕಾರ್ಖಾನೆಯಲ್ಲಿ ಮಾಡಿದ ಹಾಗೆ ಮಡಿಚುತ್ತದಾ? ನನಗೆ ನಂಬಿಕೆ ಇಲ್ಲ. ಈ ಕಾರು ಸಾಕು ಅನ್ನಿಸಿತು.

ನಿಯಮವೂ ನನ್ನ ಕಡೆಗೇ ಇದೆ ಅಂದುಕೊಂಡೆ. ಗಾಡಿಯನ್ನು ತರುವ ಮತ್ತು ರಿಪೇರಿ ಮಾಡುವ ಒಟ್ಟು ಖರ್ಚು ಐಡಿವಿಯ ಶೇ 75 ದಾಟಿದರೆ ಅದನ್ನು ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋಯಿತು ಅಂತ ಲೆಕ್ಕ ಹಿಡಿಯಬೇಕು. ಗಾಡಿ ವಿಮೆಯ ದರ, ಷರತ್ತು ಬರೆದಿಟ್ಟ ಹಳೆಯ ಮೋಟಾರ್ ತಾರೀಫಿನಲ್ಲಿ ಇರುವ ಮಾತು ಇದು. ದರ ಕಟ್ಟುವ ಪದ್ಧತಿಯನ್ನು 2007ರಲ್ಲೇ ಸಡಿಲ ಮಾಡಿದರು, ಆದರೆ ಪಾಲಿಸಿಗಳ ಮಾತು ಹೆಚ್ಚುಕಡಿಮೆ ಅದೇ ಉಳಿದಿದೆ. 2,60,000ದ ಶೇ 75 ಅಂದರೆ 1,95,000. ನಮ್ಮ ಖರ್ಚು 2,38,000. ದಾಟಿತಲ್ವಾ?

ಕಂಪನಿಯವರು ದಾಟಿಲ್ಲ ಅಂದರು.

ಹೇಗೆ ಅಂದರೆ ಹೀಗೆ. ಬಿಡಿಭಾಗಗಳಿಗೆ ಸವಕಳಿ, ಅಂದರೆ ಹಳೇದಾಗಿದೆ ಅಂತ ಬೆಲೆಯಲ್ಲಿ ಒಂದು ಪಾಲು, ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್, ಬ್ಯಾಟರಿಗೆ ಅರ್ಧಕ್ಕೆ ಅರ್ಧ. ಗಾಜಿಗೆ ಏನೂ ಇಲ್ಲ. ಕಬ್ಬಿಣದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ. ಐದು ವರ್ಷ ದಾಟಿದ್ದರಿಂದ ನಮಗೆ ಶೇ 40. (ಮೂರು ತಿಂಗಳು ಮುಂಚೆ ಗುದ್ದಿದ್ದರೆ ಶೇ 35 ಆಗುತ್ತಿತ್ತು. ಕಬ್ಬಿಣಕ್ಕೂ ಹುಟ್ಟಿದ ಹಬ್ಬ ಇದೆ.) ನಮ್ಮ ಬಿಲ್ಲಿನಲ್ಲಿ ಪ್ಲಾಸ್ಟಿಕ್ ಮತ್ತು ಏರ್‌ಬ್ಯಾಗ್ 92,000, ಕಬ್ಬಿಣ 78,000, ಗಾಜು 16,000, ಕೂಲಿ 30,000, ಪೇಂಟ್ 22,000. ಪ್ಲಾಸ್ಟಿಕ್ 46,000ಕ್ಕೆ ಇಳಿಯಿತು. ಕಬ್ಬಿಣ 46,800ಕ್ಕೆ ಇಳಿಯಿತು. ಪೇಂಟಿನ ಬಿಲ್ಲಿನಲ್ಲಿ ಕಾಲು ಭಾಗ ಸಾಮಾನಿನ ಬೆಲೆ ಅಂತ ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. ಅಲ್ಲಿ 2,750 ಹೋಯಿತು. ಕಡ್ಡಾಯವಾಗಿ ನಾವೇ ಹೊರಬೇಕಾದ 1,000 ತೆಗೆದರೆ, ಕಂಪನಿ ಕೊಡಬೇಕಾದದ್ದು 1,57,050.

"ನಮ್ಮ ಹೊಣೆ 1,57,050. ಇದು 1,95,000ಕ್ಕಿಂತ ಕಡಿಮೆ. ಆದ್ದರಿಂದ ರಿಪೇರಿ ಮಾಡಿಸಿ" ಅಂದರು. ಉಳಿದ 80,950 ನಮ್ಮ ಜೇಬಿನಿಂದ.

ಎಲ್ಲಾ ಜಗಳ ಇರುವುದು ಇಲ್ಲೇ. ಶೇ 75 ಅನ್ನುವುದನ್ನು ಯಾವ ಮೊತ್ತದ ಪಕ್ಕದಲ್ಲಿ ಇಟ್ಟು ನೋಡಬೇಕು? ವರ್ಕ್‌ಶಾಪಿಗೆ ಕಟ್ಟಬೇಕಾದ ಬಿಲ್ಲಿನ ಪಕ್ಕದಲ್ಲೋ, ಸವಕಳಿ ಎಲ್ಲ ಕಳೆದು ಕಂಪನಿ ಕೊಡುವ ಹಣದ ಪಕ್ಕದಲ್ಲೋ? ನಿಯಮದಲ್ಲಿ "ರಿಪೇರಿಯ ಒಟ್ಟು ಖರ್ಚು" ಅಂತ ಇದೆ. ಜೊತೆಗೇ "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು" ಅಂತಲೂ ಒಂದು ಬಾಲ ಇದೆ. ನಾನು ಮೊದಲಿನದನ್ನು ಓದಿದೆ. ಕಂಪನಿಯವರು ಬಾಲ ಓದಿದರು. ನನ್ನ ಮಟ್ಟಿಗೆ ಖರ್ಚು ಅಂದರೆ ಖರ್ಚು. ಅಂಗಡಿಯವನು ಏಪ್ರನ್ನಿಗೆ ಪೂರ್ತಿ ದುಡ್ಡು ತಗೊಳ್ಳುತ್ತಾನೆ. "ನಿಮ್ಮ ಕಾರು ಹಳೇದು, ಶೇ 40 ಕಮ್ಮಿ ಕೊಡಿ" ಅಂತ ಹೇಳುವುದಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಮಗ ಆ ಗುಂಡಿಯನ್ನು ಬಲಕ್ಕೆ ಎಳೆದು 3,60,000 ಮಾಡಿದ್ದರೆ ಶೇ 75 ಅಂದರೆ 2,70,000 ಆಗುತ್ತಿತ್ತು. ಆಗ ನಮ್ಮ 2,38,000 ಯಾವ ಲೆಕ್ಕದಲ್ಲೂ ದಾಟುತ್ತಿರಲಿಲ್ಲ. ಜಗಳಕ್ಕೇ ಜಾಗ ಇಲ್ಲ, ಸುಮ್ನೆ ರಿಪೇರಿ. ಐಡಿವಿ ಕಡಿಮೆ ಇದ್ದರೆ ಗಾಡಿ ಬೇಗ ಟೋಟಲ್ ಆಗುತ್ತದೆ, ಆದರೆ ಕೈಗೆ ಬರುವುದು ಕಡಿಮೆ. ಜಾಸ್ತಿ ಇದ್ದರೆ ಟೋಟಲ್ ಆಗುವುದೇ ಕಷ್ಟ. ಮೊಬೈಲಿನ ಪರದೆಯಲ್ಲಿ ಗುಂಡಿಯ ಪಕ್ಕ ಇದನ್ನು ಯಾರೂ ಬರೆದಿರುವುದಿಲ್ಲ. ಅಲ್ಲಿ ಕಾಣುವುದು ಉಳಿದ 800 ರೂಪಾಯಿ ಮಾತ್ರ.

ನಾನು ಬಿಡಲಿಲ್ಲ. ಫೋನ್ ಮಾಡಿದೆ. ಕಾಲ್ ಸೆಂಟರಿನವರು "ಟೋಟಲ್ ಆದರೂ ನಿಮಗೆ ಪೂರ್ತಿ 2,60,000 ಬರೋದಿಲ್ಲ ಸರ್, ಇವತ್ತಿನ ಮಾರ್ಕೆಟ್ ರೇಟ್ ನೋಡ್ತೀವಿ" ಅಂದರು. ಇದು ಶುದ್ಧ ಸುಳ್ಳು. ಟೋಟಲ್ ಲಾಸ್‌ನಲ್ಲಿ ಐಡಿವಿಯನ್ನೇ ಪಾಲಿಸಿ ಮುಗಿಯುವವರೆಗೂ ಮಾರುಕಟ್ಟೆ ಬೆಲೆ ಅಂತ ಹಿಡಿಯಬೇಕು, ಅದರ ಮೇಲೆ ಮತ್ತೆ ಸವಕಳಿ ಇಲ್ಲ ಅಂತ ಅದೇ ತಾರೀಫಿನಲ್ಲಿ ಬರೆದಿದೆ. 2008ರಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮೇಂದ್ರ ಗೋಯಲ್ ಅವರ ಕೇಸಿನಲ್ಲಿ, ಯಾವ ಬೆಲೆ ಒಪ್ಪಿ ಪ್ರೀಮಿಯಂ ತಗೊಂಡರೋ ಆ ಬೆಲೆಗೆ ಕಂಪನಿ ಬದ್ಧ ಎಂದು ಹೇಳಿದೆ. ಅದನ್ನು ಬರೆದು, ಸರ್ವೇಯರ್ ವರದಿಯ ಪ್ರತಿ ಕೊಡಿ ಎಂದು ಈಮೇಲ್ ಹಾಕಿಸಿದೆ. ಕೇಳಿದರೆ ಕೊಡಲೇಬೇಕು. ಕೇಳುವವರು ಕಮ್ಮಿ, ಅಷ್ಟೇ.

ವರದಿ ಬಂತು. ಅದರ ಕೊನೆಯ ಪುಟದಲ್ಲಿ ನನ್ನ ಕಣ್ಣು ತೆರೆಯಿತು.

ಸರ್ವೇಯರ್ ಎರಡು ಲೆಕ್ಕವನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದರು. ರಿಪೇರಿ ಮಾಡಿಸಿದರೆ ಕಂಪನಿಗೆ 1,57,050. ಟೋಟಲ್ ಮಾಡಿದರೆ, ನಾವು ಹೊರಬೇಕಾದ 1,000 ತೆಗೆದು, ನನಗೆ 2,59,000 ಕೊಡಬೇಕು, ಆದರೆ ಗುದ್ದಿದ ಕಾರು ಅವರಿಗೆ ಸಿಗುತ್ತದೆ. ಅದಕ್ಕೆ ಗುಜರಿಯವನೊಬ್ಬ 95,000 ಕೊಡುತ್ತೇನೆ ಅಂದಿದ್ದ. ಕಳೆದರೆ 1,64,000. ರಿಪೇರಿ 6,950 ರೂಪಾಯಿ ಅಗ್ಗ. "ಕಂಪನಿಗೆ ರಿಪೇರಿ ಲಾಭದಾಯಕ" ಅಂತ ಕೆಳಗೆ ಒಂದು ಸಾಲು. ಏಪ್ರನ್ ಮಡಿಚಿದ್ದರ ಮಾತು ಎಲ್ಲೂ ಇಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೆಲಸವೇ ನಷ್ಟ ಅಳೆಯುವುದು. ಆದರೆ ಕಂಪನಿಯ 6,950 ಉಳಿಸಲು ನನ್ನ 80,950 ಹೋಗಬೇಕು ಅನ್ನುವುದು ಯಾವ ಸೀಮೆ ನ್ಯಾಯ?

ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಸೇರಿಸಿದೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ವಿಮೆಯ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ದುಡ್ಡು ಕಟ್ಟಬೇಕಿಲ್ಲ, ವಕೀಲರೂ ಬೇಡ. ಅರ್ಜಿ ತುಂಬಿ ಇಟ್ಟುಕೊಂಡು ದಿನ ಎಣಿಸುತ್ತಿದ್ದೆ. ಇತ್ತ ವರ್ಕ್‌ಶಾಪಿನವರು ಗಾಡಿ ನಿಲ್ಲಿಸಿದ್ದಕ್ಕೆ ದಿನಕ್ಕೆ 250 ಎಣಿಸುತ್ತಿದ್ದರು.

ಜನವರಿ ಮೊದಲ ವಾರ ಕಂಪನಿಯಿಂದ ಫೋನ್ ಬಂತು. "ಸರ್, ನಿಮ್ಮ ಕ್ಲೇಮ್ ಟೋಟಲ್ ಲಾಸ್ ಅಂತ ಅಪ್ರೂವ್ ಆಗಿದೆ." ಮನೆಯಲ್ಲಿ ಎಲ್ಲರಿಗೂ ಖುಷಿ. ಗೆದ್ದೆ ಅಂದುಕೊಂಡೆ. ಹೆಂಡತಿ ಪಾಯಸ ಮಾಡಿದಳು.

ಗೆದ್ದಿರಲಿಲ್ಲ. ಎರಡು ದಿನ ಬಿಟ್ಟು ಆ ಸರ್ವೇಯರ್ ಹುಡುಗನೇ ಮಾತಿನ ಮಧ್ಯೆ ಹೇಳಿದ. ಕಾರನ್ನು ಆನ್‌ಲೈನ್ ಹರಾಜಿಗೆ ಮತ್ತೊಮ್ಮೆ ಹಾಕಿದ್ದರಂತೆ. ಈ ಸಲ ಯಾರೋ 1,08,000 ಕೂಗಿದ್ದಾನೆ. 2,59,000ದಲ್ಲಿ 1,08,000 ಹೋದರೆ 1,51,000. ರಿಪೇರಿಗಿಂತ 6,050 ಅಗ್ಗ! ನನ್ನ ಈಮೇಲು, ಸುಪ್ರೀಂ ಕೋರ್ಟು, ಶೇ 75, ಯಾವುದೂ ಲೆಕ್ಕಕ್ಕೆ ಬಂದಿರಲಿಲ್ಲ. ಎಲ್ಲೋ ಕೂತ ಒಬ್ಬ ಗುಜರಿ ವ್ಯಾಪಾರಿ 13,000 ಜಾಸ್ತಿ ಕೂಗಿದ. ನನ್ನ ಕಾರು ಬದುಕಿದ್ದದ್ದು ಸತ್ತಿತು.

ನೀರಿಗೆ ಸಿಕ್ಕ ಗಾಡಿಗಳಲ್ಲಿ ಈ ಎಳೆದಾಟ ಇಷ್ಟು ಇರುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೀರು ನುಗ್ಗಿತಲ್ಲ, ಆಗ ನನ್ನ ತಂಗಿ ಮಗನ ಕಾರು ಬೇಸ್‌ಮೆಂಟಿನಲ್ಲಿ ಡ್ಯಾಶ್‌ಬೋರ್ಡಿನವರೆಗೆ ಮುಳುಗಿತ್ತು. ಮೂರು ವಾರದಲ್ಲಿ ಟೋಟಲ್ ಅಂದರು. ವೈರಿಂಗ್, ಕಂಪ್ಯೂಟರ್ ಪೆಟ್ಟಿಗೆ ಎಲ್ಲ ಹೋದ ಮೇಲೆ ಬಿಲ್ಲು ಐಡಿವಿಯನ್ನೇ ಮುಟ್ಟುತ್ತದೆ. ಕಾರು ಕೊಂಡಾಗಿನ ಬಿಲ್ಲಿನ ಬೆಲೆ ಪೂರ್ತಿ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಅನ್ನುವ ಹೆಚ್ಚುವರಿ ಕವರ್ ಇತ್ತು, ಅವನು ಬಚಾವಾದ. ಪಕ್ಕದ ಫ್ಲ್ಯಾಟಿನವರು ನೀರು ಇಳಿದ ಮೇಲೆ ಕೀ ತಿರುಗಿಸಿ ನೋಡಿದರಂತೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ಪ್ರೊಟೆಕ್ಟ್ ಕವರ್ ಇಲ್ಲದಿದ್ದರೆ ಕಂಪನಿ ಅದಕ್ಕೆ ದುಡ್ಡು ಕೊಡುವುದಿಲ್ಲ. ಮಳೆಗಾಲದ ಮುಂಚೆ ನಿಮ್ಮ ಪತ್ರಿಕೆ ಇದೊಂದನ್ನಾದರೂ ದೊಡ್ಡ ಅಕ್ಷರದಲ್ಲಿ ಹಾಕಬೇಕು: ಮುಳುಗಿದ ಗಾಡಿಯ ಕೀ ಮುಟ್ಟಬೇಡಿ.

ನನ್ನ ಕತೆಗೆ ಬರುತ್ತೇನೆ. ಮುಂದಿನ ಕೀಟಲೆ ಆರ್‌ಸಿಯದ್ದು, ಅಂದರೆ ಗಾಡಿಯ ನೋಂದಣಿ ಕಾರ್ಡಿನದ್ದು.

ಹಣ ಬರಬೇಕಾದರೆ ಕೀ, ಆರ್‌ಸಿ, ಸಹಿ ಹಾಕಿದ ಫಾರಂ 29 ಮತ್ತು ಫಾರಂ 30 ಕೊಡಬೇಕು ಅಂದರು. ಗಾಡಿ ಮಾರುವಾಗ ಹಾಕುವ ವರ್ಗಾವಣೆ ಫಾರಂ ಅವು. ಕೊಳ್ಳುವವರ ಜಾಗ ಖಾಲಿ. ನಾನು ಕೇಳಿದೆ, ಟೋಟಲ್ ಆದ ಗಾಡಿಗೆ ವರ್ಗಾವಣೆ ಯಾಕೆ? ಆರ್‌ಸಿ ರದ್ದು ಮಾಡಿಸಿ ಕೊಡುತ್ತೇನೆ. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ನಿನಲ್ಲಿ, ಗಾಡಿ ನಾಶವಾದರೆ ಅಥವಾ ಶಾಶ್ವತವಾಗಿ ಕೆಲಸಕ್ಕೆ ಬಾರದ ಹಾಗಾದರೆ ಮಾಲೀಕ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಇದೆಯಲ್ಲ?

ಅದಕ್ಕೆ ಬಂದ ಉತ್ತರ: "ಆರ್‌ಸಿ ಕ್ಯಾನ್ಸಲ್ ಮಾಡಿಸಿದರೆ ಆ ಬಿಡ್ ನಿಲ್ಲೋದಿಲ್ಲ ಸರ್. 70,000ಕ್ಕೆ ಇಳಿಯುತ್ತೆ. ಆಗ ಮತ್ತೆ ರಿಪೇರಿ ಬೇಸಿಸ್‌ಗೆ ಹೋಗಬೇಕಾಗುತ್ತೆ."

ಅಂದರೆ ಆ 1,08,000ದಲ್ಲಿ 38,000 ಬರೀ ಆರ್‌ಸಿಯದ್ದು. ನನ್ನ ಇಂಜಿನ್ ಚೆನ್ನಾಗಿತ್ತು, ಗೇರ್‌ಬಾಕ್ಸ್ ಚೆನ್ನಾಗಿತ್ತು, ಹಿಂದಿನ ಬಾಗಿಲು ಎರಡೂ ಗೀರಿಲ್ಲದೆ ಇದ್ದವು, ಅದಕ್ಕೆಲ್ಲ ಒಂದು ಬೆಲೆ ಇದೆ, ಒಪ್ಪುತ್ತೇನೆ. ಆದರೆ ಒಂದು ಕಾರ್ಡಿಗೆ 38,000 ಯಾಕೆ ಕೊಡುತ್ತಾರೆ? ಒಳ್ಳೆಯ ಕಾರಣವೂ ಇರಬಹುದು. ಗಾಡಿಯನ್ನು ಅಗ್ಗಕ್ಕೆ ರಿಪೇರಿ ಮಾಡಿ ಸೆಕೆಂಡ್ ಹ್ಯಾಂಡ್ ಅಂತ ಮಾರಬಹುದು. ಕೊಂಡವರಿಗೆ ಅದು ಒಮ್ಮೆ ಸತ್ತ ಗಾಡಿ ಅಂತ ಯಾರೂ ಹೇಳುವುದಿಲ್ಲ, ಅದು ಬೇರೆ ಮಾತು. ಕೆಟ್ಟ ಕಾರಣವೂ ಇದೆ. 2020ರಲ್ಲಿ ಲಖನೌ ಪೊಲೀಸರು ಒಂದು ಗ್ಯಾಂಗ್ ಹಿಡಿದರು. ಟೋಟಲ್ ಆದ ಗಾಡಿಗಳನ್ನು ಕೊಂಡು, ಅದೇ ಮಾದರಿಯ ಕಾರು ಕದ್ದು, ಸತ್ತ ಗಾಡಿಯ ಚಾಸಿ ನಂಬರನ್ನು ಕದ್ದ ಗಾಡಿಗೆ ಹಾಕುತ್ತಿದ್ದರು. ಕಾಗದಪತ್ರ ಎಲ್ಲ ಅಸಲಿ. ಗಾಡಿ ಮಾತ್ರ ಇನ್ನೊಬ್ಬರದು.

ನಾನು ಸಹಿ ಹಾಕಲಿಲ್ಲ ಅಂತ ಬರೆಯಬೇಕು ಅನ್ನಿಸುತ್ತದೆ. ಆದರೆ ಹಾಕಿದೆ. ಒಂದು ವಾರ ಒದ್ದಾಡಿ ಹಾಕಿದೆ. ಮೂರು ತಿಂಗಳಾಗಿತ್ತು, ಪಾರ್ಕಿಂಗ್ ಹಣ ಏರುತ್ತಿತ್ತು, 80,950 ನನ್ನ ಹತ್ತಿರ ಇರಲಿಲ್ಲ. ಗಾಡಿ ಯಾರಿಗೆ ಕೊಟ್ಟಿರಿ ಎಂದು ಲಿಖಿತವಾಗಿ ತಿಳಿಸಿ ಅಂತ ಒಂದು ಈಮೇಲ್ ಮಾತ್ರ ಹಾಕಿಸಿದೆ. ಫೆಬ್ರುವರಿಯಲ್ಲಿ 2,59,000 ಖಾತೆಗೆ ಬಂತು. ಈಮೇಲಿಗೆ ಉತ್ತರ ಬರಲಿಲ್ಲ.

ಹೈದರಾಬಾದಿನಲ್ಲಿ ಕೂತಿರುವ ವಿಮಾ ನಿಯಂತ್ರಣ ಪ್ರಾಧಿಕಾರದವರು ಕೆಲವು ಒಳ್ಳೆ ಕೆಲಸ ಮಾಡಿದ್ದಾರೆ. 2024ರ ಜೂನ್‌ನಲ್ಲಿ ಸರ್ವೇಯರ್ ವರದಿಗೆ 15 ದಿನ, ಆಮೇಲೆ ಕಂಪನಿಯ ತೀರ್ಮಾನಕ್ಕೆ 7 ದಿನ ಅಂತ ಗಡುವು ಹಾಕಿದರು. ನನ್ನ ಹಾಗೆ ಮೂರು ತಿಂಗಳು ಕಾಯುವುದು ಇನ್ನು ತಪ್ಪಬೇಕು. ಆದರೆ ಬೇಗ ಬಂದ ತೀರ್ಮಾನವೂ ಇದೇ ಲೆಕ್ಕದಲ್ಲಿ ಬಂದರೆ ಏನು ಪ್ರಯೋಜನ? ಶೇ 75 ಅನ್ನುವುದು ಬಿಲ್ಲಿನ ಮೇಲೋ, ಕಂಪನಿಯ ಹೊಣೆಯ ಮೇಲೋ ಅಂತ ಒಂದು ಸಾಲಿನಲ್ಲಿ ಬರೆದು ಬಿಡಲಿ. ರಿಪೇರಿ ಇಷ್ಟು, ಗುಜರಿ ಇಷ್ಟು ಅಂತ ಸರ್ವೇಯರ್ ಹೋಲಿಸಿದ ಆ ಪುಟವನ್ನು ನಾವು ಕೇಳದೆಯೇ ನಮಗೆ ಕೊಡಲಿ. ಟೋಟಲ್ ಲಾಸ್ ಹಣ ಕೊಟ್ಟ ದಿನವೇ ಆರ್‌ಸಿ ರದ್ದಿಗೆ ಆರ್‌ಟಿಒಗೆ ಕಂಪನಿಯೇ ತಿಳಿಸಲಿ. ಹರಾಜಿನಲ್ಲಿ ಬಿಡ್ ಇಳಿದರೆ ಇಳಿಯಲಿ.

ಈ ಕೊನೆಯದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿನ್ನೆ ಮಗ ಎಂಪರಿವಾಹನ್ ಆ್ಯಪ್‌ನಲ್ಲಿ ನಮ್ಮ ಹಳೇ ನಂಬರ್ ಹಾಕಿ ನೋಡಿದ. ಮಾಲೀಕನ ಜಾಗದಲ್ಲಿ ನನ್ನ ಹೆಸರಿನ ಅಕ್ಷರಗಳು, ನಡುನಡುವೆ ಚುಕ್ಕಿ. ನೋಂದಣಿ 2033ರ ಆಗಸ್ಟ್‌ವರೆಗೆ. ಸ್ಥಿತಿ: ಆ್ಯಕ್ಟಿವ್.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ಈಗಾಗಲೇ ಒಂದು ಕಡೆ ಬೇಡವಾದ ಜಾಗದಲ್ಲಿ ಇದೆ.

ಒಬ್ಬ ನಿವೃತ್ತ ಮೆಕ್ಯಾನಿಕ್, ಮೈಸೂರು